ಸ್ಟೆಂಟಿನಲ್ಲೇ ಔಷಧಿ ಇರುವಾಗ ಮಾತ್ರೆ ಏಕೆ?

ತಮ್ಮ ತಂದೆಯವರಿಗೆ ಕಳೆದ ತಿಂಗಳು ಔಷಧಿ ಲೇಪಿತ ಸ್ಟೆಂಟ್ (ಹೃದಯದ ರಕ್ತನಾಳವನ್ನು ತೆರೆದಿಡುವ, ಲೋಹದ ಬಲೆಯಂಥ ಪುಟ್ಟ ಕೊಳವೆ) ಹಾಕಿರುವುದಾಗಿಯೂ, ಸ್ಟೆಂಟಿನ ಮೇಲೆಯೇ ಔಷಧಿ ಇರುವಾಗ ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆಗಳೇಕೆ, ಹಲ್ಲು ಕೀಳಿಸುವ ಸಲುವಾಗಿ ಅವನ್ನು ನಾಲ್ಕು ದಿನ ಬಿಡಬಹುದೇ ಎಂದೂ ಮುಲುಂಡಿನಿಂದ ಕೇಳಿದ್ದೀರಿ. ನಾನು ವೈದ್ಯನಲ್ಲ, ಮಾಟುಂಗದ ಒಬ್ಬ ನಿವೃತ್ತ ಗುಮಾಸ್ತ. ಆದರೆ ಎರಡು ಬಗೆಯ ಸ್ಟೆಂಟುಗಳೂ ನನ್ನ ಎದೆಯಲ್ಲಿವೆ, ಒಂದರೊಳಗೆ ಒಂದು.

2004ರಲ್ಲಿ ಔಷಧಿ ಲೇಪಿತ ಸ್ಟೆಂಟಿನ ಬೆಲೆ ನನ್ನ ಕೈಗೆಟುಕುವಂತಿರಲಿಲ್ಲ. ಬರಿ ಲೋಹದ್ದನ್ನು ಹಾಕಿಸಿಕೊಂಡೆ. (ಸರ್ಕಾರ ಬೆಲೆಗೆ ಮಿತಿ ಹಾಕಿದ್ದು 2017ರ ಫೆಬ್ರವರಿಯಲ್ಲಿ.) ಐದು ತಿಂಗಳಿಗೆ ಮಾಟುಂಗ ಸ್ಟೇಷನ್ನಿನ ಸೇತುವೆ ಹತ್ತುವಾಗ ಎದೆಯಲ್ಲಿ ಹಳೆಯ ಬಿಗಿತವೇ ಮರಳಿತು. ಕೊಬ್ಬು ಮತ್ತೆ ಕಟ್ಟಿಕೊಂಡಿತೇ ಎಂದು ಕೇಳಿದಾಗ ವೈದ್ಯರು ತಲೆಯಾಡಿಸಿ, ಇದು ಕೊಬ್ಬಲ್ಲ, ಗಾಯ ಮಾಯುವ ಭರದಲ್ಲಿ ಬೆಳೆದ ಮಾಂಸ ಎಂದರು. ಬಲೂನು ಉಬ್ಬಿಸಿ ಸ್ಟೆಂಟನ್ನು ಒತ್ತಿದಾಗ ರಕ್ತನಾಳದ ಒಳಗೋಡೆಗೆ ಗಾಯವಾಗುತ್ತದೆ. ಅದನ್ನು ಮುಚ್ಚಲು ಗೋಡೆಯ ಸ್ನಾಯುಕೋಶಗಳು ವೃದ್ಧಿಸುತ್ತವೆ, ಕೆಲವರಲ್ಲಿ ಅಗತ್ಯ ಮೀರಿ ವೃದ್ಧಿಸಿ ದಾರಿಯನ್ನೇ ಕಿರಿದಾಗಿಸುತ್ತವೆ. ಬರಿ ಲೋಹದ ಸ್ಟೆಂಟಿನಲ್ಲಿ ನೂರರಲ್ಲಿ ಸುಮಾರು 20ರಿಂದ 30 ಮಂದಿಗೆ ಹೀಗಾಗುತ್ತಿತ್ತು. ಈಗಿನ ಲೇಪಿತ ಸ್ಟೆಂಟುಗಳಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ ಹತ್ತರೊಳಗೇ ಇರುತ್ತದೆ.

ಲೇಪನದಲ್ಲಿರುವುದು ಸಿರೊಲಿಮಸ್ ಅಥವಾ ಅದರ ಬಳಗದ ಎವೆರೊಲಿಮಸ್‌ನಂಥ ಔಷಧಿ. ಸಿರೊಲಿಮಸ್ ಮೊದಲು ದೊರೆತದ್ದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಸೂಕ್ಷ್ಮಾಣುವಿನಿಂದ. ಆಮೇಲೆ ನನ್ನ ಹಳೆಯ ಸ್ಟೆಂಟಿನೊಳಗೇ ಲೇಪಿತ ಸ್ಟೆಂಟ್ ಹಾಕಿದ್ದರಿಂದ ಆ ಮಣ್ಣಿನ ಋಣ ನನ್ನ ಮೇಲೂ ಇದೆ. ಲೇಪನದ ಔಷಧಿ ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಒಸರುತ್ತಾ ಕೋಶಗಳ ವಿಭಜನೆಯನ್ನು ತಡೆಯುತ್ತದೆ.

ತಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಬೇಡದ ಬೆಳವಣಿಗೆಯನ್ನು ತಡೆಯುವ ಆ ಔಷಧಿಯೇ, ಲೋಹದ ತಂತಿಗಳನ್ನು ಮುಚ್ಚಬೇಕಾದ ತೆಳುವಾದ ಒಳಪದರದ ಬೆಳವಣಿಗೆಯನ್ನೂ ತಡವಾಗಿಸುತ್ತದೆ. ಅಲ್ಲಿಯವರೆಗೆ ಹರಿಯುವ ರಕ್ತಕ್ಕೆ ಬರಿ ಲೋಹ ತಗಲುತ್ತಿರುತ್ತದೆ ಮತ್ತು ಅದರ ಮೇಲೆ ಹೆಪ್ಪು ಕಟ್ಟಬಹುದು. ಮರು ಕಿರಿದಾಗುವಿಕೆ ತಿಂಗಳುಗಳಲ್ಲಿ, ಬಹುಮಟ್ಟಿಗೆ ಮುನ್ಸೂಚನೆ ಕೊಟ್ಟು ಬರುತ್ತದೆ. ಹೆಪ್ಪು ನಿಮಿಷಗಳಲ್ಲಿ ನಾಳವನ್ನು ಮುಚ್ಚಿ ಹೃದಯಾಘಾತ ತರುತ್ತದೆ. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎಂಬ ಆ ಎರಡು ಮಾತ್ರೆಗಳಿರುವುದು ಈ ಹೆಪ್ಪನ್ನು ತಡೆಯಲು. ಸ್ಟೆಂಟಿನ ಔಷಧಿ ಆ ಕೆಲಸ ಮಾಡುವುದಿಲ್ಲ. ಈಗಿನ ಸ್ಟೆಂಟುಗಳ ತಂತಿಗಳು ತೆಳುವಾಗಿ, ಲೇಪನವೂ ಸುಧಾರಿಸಿರುವುದರಿಂದ ಅಪಾಯ ಕಡಿಮೆಯಾಗಿದೆ. ಆದರೂ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತದ ನಂತರವಾದರೆ ಒಂದು ವರ್ಷ ಕೊಡುತ್ತಾರೆ. ರಕ್ತಸ್ರಾವದ ಭಯವಿರುವವರಿಗೆ ಅವಧಿ ಕಡಿಮೆ ಮಾಡುವುದೂ ಉಂಟು. ಆ ಬಳಿಕವೂ ಒಂದು ಮಾತ್ರೆ ಸಾಮಾನ್ಯವಾಗಿ ಮುಂದುವರಿಯುತ್ತದೆ.

ಮೊದಲ ತಿಂಗಳುಗಳೇ ಅತಿ ನಾಜೂಕಿನವು. ಆದ್ದರಿಂದ ಹೃದ್ರೋಗ ತಜ್ಞರ ಮಾತಿಲ್ಲದೆ ಒಂದು ದಿನವೂ ಮಾತ್ರೆ ಬಿಡಿಸಬೇಡಿ. ಹಲ್ಲು ಕಾಯುವಂತಿದ್ದರೆ ಕಾಯಲಿ. ಸ್ಟೆಂಟಿನ ಅಳತೆ, ಹಾಕಿದ ದಿನಾಂಕ ಬರೆದ ಕಾರ್ಡನ್ನು ಆಸ್ಪತ್ರೆಯವರು ಕೊಟ್ಟಿರುತ್ತಾರೆ, ಅದನ್ನು ದಂತವೈದ್ಯರಿಗೆ ತೋರಿಸಿ. ಲೇಪಿತ ಸ್ಟೆಂಟ್ ಹಾಕಿದ ಎಂಟನೆಯ ತಿಂಗಳು ನನ್ನ ದವಡೆ ಹಲ್ಲು ಕೆಟ್ಟಾಗ, ದಂತವೈದ್ಯರು ಮೊದಲು ಮಾತ್ರೆ ನಿಲ್ಲಿಸಿ ಬನ್ನಿ ಎಂದಿದ್ದರು. ಕಾರ್ಡು ನೋಡಿ ನನ್ನ ಹೃದ್ರೋಗ ತಜ್ಞರಿಗೆ ಫೋನು ಮಾಡಿದ ಮೇಲೆ, ಎರಡೂ ಮಾತ್ರೆ ನಡೆಯುತ್ತಿರುವಾಗಲೇ ಹಲ್ಲು ಕಿತ್ತು, ಎರಡು ಹೊಲಿಗೆ ಹಾಕಿದರು. ಮುಕ್ಕಾಲು ಗಂಟೆ ಹತ್ತಿ ಕಚ್ಚಿ ಕುಳಿತೆ, ರಕ್ತ ನಿಂತಿತು.