ಐದು ಜನ ಸೇರಿ ಒಂದು ಊರನ್ನು ಕನಸಿನ ಹಾಗೆ ಕಟ್ಟೋದು ಹೇಗೆ?

ಐದು ಜನ ಗೆಳೆಯರು ಸೇರಿ ಎಲ್ಲೂ ಇಲ್ಲದ ಒಂದು ಊರನ್ನು ಕಟ್ಟೋಕೆ ಹೊರಟಿದ್ದೀರಿ. ಮೂರು ಸಲ ಕೂತಿರಿ, ಮೂರು ಸಲವೂ ವಾದದಲ್ಲೇ ಮುಗಿಯಿತು ಅಂತ ಬರೆದಿದ್ದೀರಿ. ಮೊದಲೇ ಯೋಜನೆ ಹಾಕದೆ, ಕನಸು ಬೆಳೆಯುವ ಹಾಗೆ ಆ ಊರು ತಾನಾಗೇ ಬೆಳೆಯೋಕೆ ಸಾಧ್ಯವಾ ಅಂತ ಕೇಳಿದ್ದೀರಿ.

ಖಂಡಿತ ಸಾಧ್ಯ. ಮಲೆನಾಡಿನ ಕಡೆ ಬೇಸಿಗೆ ರಜೆಯ ರಂಗಶಿಬಿರಗಳಲ್ಲಿ ಮಕ್ಕಳ ಜೊತೆ ನಾನು ಇದನ್ನೇ ಮಾಡುತ್ತಾ ಬಂದಿದ್ದೇನೆ. ನಾಟಕಕ್ಕೆ ಕಥೆ ಹುಡುಕುವ ಮೊದಲು ಆ ಕಥೆ ನಡೆಯುವ ಊರನ್ನು ಎಲ್ಲರೂ ಸೇರಿ ಕಟ್ಟುತ್ತೇವೆ. ಇಷ್ಟು ವರ್ಷದಲ್ಲಿ ನನಗೆ ಅರ್ಥವಾದ ಮುಖ್ಯ ವಿಷಯ ಒಂದೇ. ಕನಸು ಕಾಣುವಾಗ ನಾವು ಯಾರೂ ‘ಇದು ಯಾಕೆ ಹೀಗಿದೆ’ ಅಂತ ಕೇಳೋದಿಲ್ಲ. ಅಜ್ಜಿ ಮನೆಯ ಹಿತ್ತಲ ಬಾಗಿಲು ತೆಗೆದರೆ ಶಾಲೆಯ ಮೈದಾನ ಇರುತ್ತೆ. ನಾವು ಸುಮ್ನೆ ನಡೆದುಕೊಂಡು ಹೋಗ್ತೀವಿ. ನಿಮ್ಮ ವಾದ ಶುರುವಾಗುತ್ತಿರೋದು ಬಹುಶಃ ಆ ‘ಯಾಕೆ’ಯಿಂದಲೇ.

ಒಂದು ಮಧ್ಯಾಹ್ನ ನಡೆದದ್ದನ್ನು ಹೇಳ್ತೀನಿ. ಹಳೇ ಶಾಲೆಯ ಕೋಣೆ. ಕಿಟಕಿ ಮುಚ್ಚಿ, ಜಮಖಾನ ಹಾಸಿ, ಹನ್ನೊಂದು ಮಕ್ಕಳು ತಲೆಗಳೆಲ್ಲ ನಡುವೆ ಸೇರುವ ಹಾಗೆ ಸುತ್ತಲೂ ಮಲಗಿದ್ದರು. ಎಲ್ಲರ ಕಣ್ಣು ಮುಚ್ಚಿತ್ತು. ನಾನು ಕೇಳಿದ್ದು ಇಷ್ಟೇ: “ನಿಮ್ಮ ಕಾಲಿಗೆ ಏನು ತಾಗ್ತಿದೆ?”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗ, “ಒದ್ದೆ ಇದೆ” ಅಂದ. ಇನ್ನೊಬ್ಬಳು, “ನೀರಲ್ಲ ಅದು, ಚೊಗರು” ಅಂದಳು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ರಸಕ್ಕೆ ನಮ್ಮ ಕಡೆ ಚೊಗರು ಅಂತಾರೆ. ಕೈಗೆ ಹತ್ತಿದರೆ ದಿನಗಟ್ಟಲೆ ಹೋಗಲ್ಲ. ಮೂರನೆಯವನು, “ಹೊಳೆ ತುಂಬಾ ಚೊಗರೇ ಹರೀತಿದೆ” ಅಂದ. ನಾಲ್ಕನೆಯವನು, “ಅದಕ್ಕೇ ಈ ಊರಿನವರ ಕಾಲೆಲ್ಲ ಮೊಣಕಾಲಿನ ತನಕ ಕೆಂಪು. ಹೊರಗಿನವರು ಬಂದ್ರೆ ಕಾಲು ನೋಡಿದ ಕೂಡಲೇ ಗೊತ್ತಾಗುತ್ತೆ” ಅಂದ.

ಆಗ ಒಬ್ಬ ಎದ್ದು ಕೂತ. “ಅಕ್ಕ, ಹೊಳೇಲಿ ಚೊಗರು ಯಾಕೆ ಹರಿಯುತ್ತೆ? ಅಷ್ಟು ಅಡಿಕೆ ಬೇಯಿಸೋದು ಎಲ್ಲಿ?” ಅಂತ ಕೇಳಿದ. ಒಳ್ಳೆಯ ಪ್ರಶ್ನೆಯೇ. ಆದರೆ ಕೋಣೆಯಲ್ಲಿ ನಾಲ್ಕು ತಲೆಗಳು ಅಲುಗಿದವು, ಇಬ್ಬರು ಕಣ್ಣು ತೆರೆದರು. ನಾನು, “ಅದನ್ನು ನಾಳೆ ಬೆಳಿಗ್ಗೆ ಕೇಳೋಣ. ಈಗ ಹೊಳೆ ಹತ್ರ ವಾಸನೆ ಹೇಗಿದೆ, ಹೇಳು” ಅಂದೆ. ಅವನು ಮತ್ತೆ ಮಲಗಿದ. “ಹಂಡೆ ಮುಚ್ಚಳ ತೆಗೆದಾಗ ಬರೋ ವಾಸನೆ” ಅಂದ.

ಅದಾದ ಮೇಲೆ, ಶಿಬಿರ ಶುರುವಾದ ನಾಲ್ಕು ದಿನದಲ್ಲಿ ಹೆಚ್ಚು ಮಾತೇ ಆಡದ ಒಂದು ಹುಡುಗಿ ಹೇಳಿದಳು: “ನಮ್ಮ ಅಮ್ಮನ ಕಾಲು ಇನ್ನೂ ಬೆಳ್ಳಗಿದೆ.”

ಯಾರೂ ಏನೂ ಕೇಳಲಿಲ್ಲ. ಅವಳೇ ಮುಂದುವರಿಸಿದಳು. “ಅಮ್ಮ ಹೊಳೆಗೆ ಇಳಿಯೋದೇ ಇಲ್ಲ. ಕಾಲು ಕೆಂಪಾದ್ರೆ ತವರಿನವರು ಗುರುತು ಹಿಡಿಯಲ್ಲ ಅಂತ.”

ನನಗೆ ಈಗಲೂ ಅದನ್ನು ಬರೆಯುವಾಗ ಮೈ ಜುಮ್ಮೆನ್ನುತ್ತೆ. ‘ಯಾಕೆ’ ಅಂತ ಕೇಳಿದ್ದರೆ ಆ ಮಾತು ಬರುತ್ತಿರಲಿಲ್ಲ. ಚೊಗರಿನ ಹೊಳೆ ಇದೆ ಅಂತ ಹನ್ನೊಂದು ಜನ ಒಪ್ಪಿಕೊಂಡಿದ್ದರಿಂದಲೇ ಅವಳಿಗೆ ಅದರ ದಡದಲ್ಲಿ ಅಮ್ಮನನ್ನು ನಿಲ್ಲಿಸೋಕೆ ಆಯಿತು. ಆ ವರ್ಷದ ನಾಟಕ ಪೂರ್ತಿ ಆ ಬಿಳಿ ಕಾಲಿನ ಅಮ್ಮನ ಮೇಲೆಯೇ ನಡೆಯಿತು.

ಹಾಗಾದರೆ ಯಾರು ಏನು ಹೇಳಿದರೂ ‘ಹೂಂ’ ಅನ್ನಬೇಕಾ, ಜಗಳವೇ ಬೇಡವಾ ಅಂತ ನೀವು ಕೇಳಬಹುದು. ಇಲ್ಲಿ ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಲೆಯನ್ನು ನೆನಪಿಸಿಕೊಳ್ಳಿ. ವೇಷ ಇಲ್ಲ, ಕುಣಿತ ಇಲ್ಲ. ಎದುರುಬದುರು ಕೂತು ಪಾತ್ರಗಳ ಮಾತಾಡುವ ಅರ್ಥಧಾರಿಗಳು ಬರೀ ಮಾತಿನಲ್ಲೇ ಕಿಷ್ಕಿಂಧೆಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಭಾಗವತರು ಹಾಡುವ ಪದ್ಯ ಮೊದಲೇ ಬರೆದದ್ದು, ಆದರೆ ಮಾತು ಅಲ್ಲೇ ಹುಟ್ಟುವಂಥದ್ದು. ವಾಲಿಯ ಪಾತ್ರಧಾರಿ ರಾಮನನ್ನು ಎಷ್ಟು ಬೇಕಾದರೂ ಕೆಣಕಬಹುದು, ಮರೆಯಲ್ಲಿ ನಿಂತು ಬಾಣ ಬಿಟ್ಟಿದ್ದು ಧರ್ಮವಾ ಅಂತ ಗಂಟೆಗಟ್ಟಲೆ ಕೇಳಬಹುದು. ರಾಮ ಎಷ್ಟು ಬೇಕಾದರೂ ಸಮರ್ಥನೆ ಕೊಡಬಹುದು. ಆದರೆ ‘ನಾನು ಬಾಣವನ್ನೇ ಬಿಡಲಿಲ್ಲ’ ಅಂದರೆ ಪ್ರಸಂಗ ಅಲ್ಲಿಗೇ ನಿಂತುಹೋಗುತ್ತೆ. ಊರಿನ ಒಳಗೆ ನಿಂತು ಜಗಳ ಆಡಿ, ಎಷ್ಟು ಬೇಕಾದರೂ ಆಡಿ. ಆದರೆ ಇನ್ನೊಬ್ಬರು ಇಟ್ಟ ಕಲ್ಲನ್ನು ತೆಗೆದು ಆಚೆ ಹಾಕಬೇಡಿ. ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ನಟರಿಗೆ ಆಶುನಾಟಕ ಕಲಿಸಿದ ಕೀತ್ ಜಾನ್‌ಸ್ಟನ್ ಇದಕ್ಕೆ ಎರಡು ಪದ ಬಳಸುತ್ತಿದ್ದರು. ಜೊತೆಗಾರ ಮುಂದಿಡುವ ಪ್ರತಿಯೊಂದು ಮಾತೂ ಒಂದು ‘ಆಫರ್’, ಅದನ್ನು ತಳ್ಳಿಹಾಕುವುದು ‘ಬ್ಲಾಕ್’. ನಿಮ್ಮ ಮೂರು ಸಭೆಗಳಲ್ಲಿ ಎಷ್ಟು ಬ್ಲಾಕ್ ಆಗಿದ್ದವು ಅಂತ ಒಮ್ಮೆ ನೆನೆದು ನೋಡಿ.

ಶುರುವಿಗೆ ಕಾಗದ ಮಡಚುವ ಆಟ ಆಡಿ. 1925ರ ಸುಮಾರಿಗೆ ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಕವಿಗಳು, ಚಿತ್ರಕಾರರು, ಅಂದರೆ ಕನಸಿನ ತರ್ಕವನ್ನೇ ಕಲೆಗೆ ತರಲು ಹೊರಟವರು, ಆಡುತ್ತಿದ್ದ ಆಟ ಇದು. ಒಬ್ಬರು ಒಂದು ಪದ ಬರೆದು, ಕಾಣದ ಹಾಗೆ ಮಡಚಿ, ಪಕ್ಕದವರಿಗೆ ಕೊಡುತ್ತಾರೆ. ಕೊನೆಗೆ ಬಿಚ್ಚಿ ಓದಿದರೆ ಒಂದು ವಾಕ್ಯ. ‘ಸೊಗಸಾದ ಶವ ಹೊಸ ದ್ರಾಕ್ಷಾರಸ ಕುಡಿಯುತ್ತದೆ’ ಅನ್ನುವ ಅರ್ಥದ ಸಾಲು ಹಾಗೆ ಬಂತು, ಆಟಕ್ಕೂ ‘ಸೊಗಸಾದ ಶವ’ ಅಂತಲೇ ಹೆಸರಾಯಿತು. ಕನ್ನಡದಲ್ಲಿ ಆಡುವಾಗ ಒಂದು ವಿಷಯ ಗಮನಿಸಿ. ಫ್ರೆಂಚಿನಲ್ಲಿ ಕ್ರಿಯಾಪದ ನಡುವೆ ಬರುತ್ತೆ, ನಮ್ಮಲ್ಲಿ ಕೊನೆಗೆ. ಹಾಗಾಗಿ ಕೊನೆಯವರು ‘ಕೊಡಲಿಲ್ಲ’ ಅಂತ ಬರೆದುಬಿಟ್ಟರೆ ಮುಂಚಿನ ನಾಲ್ವರು ಕಟ್ಟಿದ್ದೆಲ್ಲ ಬಿದ್ದುಹೋಗುತ್ತೆ. ನಾವು ಕೊನೆಯವರಿಗೆ ಬರೀ ಮೂಲ ಪದ ಬರೆಯೋಕೆ ಹೇಳ್ತೀವಿ: ಹುರಿ, ಒಗೆ, ಬಚ್ಚಿಡು. ಪ್ರತ್ಯಯ ಆಮೇಲೆ ಎಲ್ಲರೂ ಸೇರಿ ಹಚ್ಚುತ್ತೇವೆ. ‘ಒದ್ದೆಯಾದ ಪೋಸ್ಟ್‌ಮ್ಯಾನ್ ಅಜ್ಜಿಯ ಕನ್ನಡಕವನ್ನು ಮೆಲ್ಲಗೆ ಹುರಿಯುತ್ತಾನೆ’ ಅಂತ ಒಂದು ಸಲ ಬಂತು. ಆ ಪೋಸ್ಟ್‌ಮ್ಯಾನ್ ಇರುವ ಊರು ಹೇಗಿರಬಹುದು ಅಂತ ಕಣ್ಣು ಮುಚ್ಚಿ ಮಲಗಿದರೆ ಸಾಕು, ದಾರಿ ಸಿಗುತ್ತೆ.

ನಿಮ್ಮ ಹಾಗೆ ದೊಡ್ಡವರೇ ಕೂತರೆ, ಅಷ್ಟು ಬೇಗ ಕಣ್ಣು ಮುಚ್ಚೋಕೆ ಸಂಕೋಚ ಆಗಬಹುದು. ಆಗ ಕೈಗೆ ಒಂದು ಕೆಲಸ ಕೊಡಿ. ಏವರಿ ಆಲ್ಡರ್ ಅವರು ರೂಪಿಸಿದ ‘ದ ಕ್ವೈಟ್ ಇಯರ್’ ಅನ್ನುವ ಆಟದಲ್ಲಿ ಎಲ್ಲರೂ ಸೇರಿ ಒಂದೇ ಹಾಳೆಯ ಮೇಲೆ ಒಂದು ಊರಿನ ನಕ್ಷೆ ಬರೆಯುತ್ತಾರೆ. 52 ಇಸ್ಪೀಟು ಎಲೆಗಳು, ವರ್ಷದ ಒಂದೊಂದು ವಾರಕ್ಕೆ ಒಂದೊಂದು. ಆಟೀನು, ಇಸ್ಪೀಟು ಹೀಗೆ ನಾಲ್ಕು ಜಾತಿಯ ಎಲೆಗಳು, ನಾಲ್ಕು ಋತು. ಚಳಿಗಾಲದ ಎಲೆಗಳಲ್ಲಿ ರಾಜ ಬಂದ ಕೂಡಲೇ ಆಟ ಮುಗಿಯುತ್ತೆ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಚರ್ಚೆಯ ನಿಯಮ. ಊರಿನಲ್ಲಿ ಏನಾದರೂ ಚರ್ಚೆ ಎದ್ದರೆ ಒಬ್ಬೊಬ್ಬರೂ ಒಂದೊಂದೇ ಸಲ ಮಾತಾಡಬೇಕು. ತಿರುಗಿ ಉತ್ತರ ಕೊಡುವ ಹಾಗಿಲ್ಲ, ಕೊನೆಗೆ ತೀರ್ಮಾನವೂ ಬೇಕಿಲ್ಲ. ವಾದ ಮಾಡುವ ನಿಮ್ಮ ಗುಂಪಿಗೆ ಇದೊಂದನ್ನೇ ತಗೊಂಡರೂ ಬಹಳ ಬದಲಾಗುತ್ತೆ.

ಆಟ ನಡೆಸುವವರು ಒಬ್ಬರಿರಲಿ, ಸರದಿ ಪ್ರಕಾರ ಬದಲಾಗಲಿ. ಅವರ ಕೆಲಸ ಕೇಳುವುದು ಮಾತ್ರ. ವಾಸನೆ ಏನು, ಕೈಗೆ ಏನು ಸಿಕ್ತು, ಎಡಗಡೆ ಏನಿದೆ, ದೂರದಲ್ಲಿ ಯಾವ ಸದ್ದು. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಕಣ್ಣು ಮುಚ್ಚಿದಾಗ ಯಾರಿಗೆ ಯಾವ ನೋವು ಮೇಲೆ ಬರುತ್ತೆ ಅಂತ ಹೇಳೋಕಾಗಲ್ಲ. 1922ರಲ್ಲಿ ಅದೇ ಪ್ಯಾರಿಸ್ಸಿನ ಗೆಳೆಯರು ಕತ್ತಲೆಯಲ್ಲಿ ಕೂತು ಅರೆನಿದ್ದೆಯಲ್ಲಿ ಮಾತಾಡುವ ಪ್ರಯೋಗ ಮಾಡಿದ್ದರು. ಅದು ಕೈಮೀರಿದಾಗ ಅವರ ಮುಂದಾಳು ಆಂದ್ರೆ ಬ್ರೆಟನ್ ನಿಲ್ಲಿಸಬೇಕಾಯಿತು. ನಾವು ಮುಗಿಸುವಾಗ ಕಿಟಕಿ ತೆರೆದು, ಮಕ್ಕಳನ್ನು ಹೆಸರು ಹಿಡಿದು ಕರೆದು, ಎಲ್ಲರಿಗೂ ಮಜ್ಜಿಗೆ ಕೊಡ್ತೀವಿ. ಮಜ್ಜಿಗೆ ಕುಡಿದ ಮೇಲೆಯೇ ಮುಂದಿನ ಮಾತು.

ಆಮೇಲೆ ಬರೆದಿಡಿ. ಅವತ್ತೇ, ಒಂದೇ ನೋಟುಪುಸ್ತಕದಲ್ಲಿ, ಹೇಳಿದವರ ಮಾತಿನಲ್ಲೇ. ‘ಒದ್ದೆ ಇದೆ’ ಅಂದಿದ್ದನ್ನು ‘ಭೂಮಿ ತೇವದಿಂದ ಕೂಡಿತ್ತು’ ಅಂತ ತಿದ್ದಬೇಡಿ. ‘ಯಾಕೆ’ ಅನ್ನುವ ಪ್ರಶ್ನೆಗಳಿಗೆ ಮರುದಿನ ಬೆಳಿಗ್ಗೆ ಜಾಗ ಇದೆ, ಪುಸ್ತಕದ ಎಡಪುಟದಲ್ಲಿ. ಅಷ್ಟು ಅಡಿಕೆ ಎಲ್ಲಿ ಬೇಯುತ್ತೆ ಅಂತ ಕೇಳಿದ ಹುಡುಗ ಮರುದಿನ ಎರಡು ಪುಟ ತುಂಬಾ ಒಲೆಗಳನ್ನು ಬಿಡಿಸಿಕೊಂಡು ಬಂದಿದ್ದ.

ಇನ್ನೊಂದು ಮಾತು, ನನಗೆ ತುಂಬಾ ಮುಖ್ಯ ಅನ್ನಿಸೋದು. 1826ರ ಜೂನ್‌ನಲ್ಲಿ ಇಂಗ್ಲೆಂಡಿನ ಒಬ್ಬ ಪಾದ್ರಿ ತನ್ನ ಮಗನಿಗೆ 12 ಮರದ ಸಿಪಾಯಿ ಗೊಂಬೆಗಳನ್ನು ತಂದುಕೊಟ್ಟರು. ಆ ಹುಡುಗ ಬ್ರಾನ್‌ವೆಲ್ ಬ್ರಾಂಟೆ. ಅವನೂ, ಮುಂದೆ ಇಂಗ್ಲಿಷ್ ಕಾದಂಬರಿಕಾರ್ತಿಯರಾಗಿ ಹೆಸರಾದ ಅವನ ಸಹೋದರಿಯರು ಷಾರ್ಲೆಟ್, ಎಮಿಲಿ, ಆನ್ ಕೂಡ ಒಂದೊಂದು ಸಿಪಾಯಿಯನ್ನು ತಮ್ಮದು ಅಂತ ಹಿಡಿದು, ಹೆಸರಿಟ್ಟರು. ಅಲ್ಲಿಂದ ‘ಗ್ಲಾಸ್ ಟೌನ್’ ಅನ್ನುವ ಲೋಕ ಬೆಳೆಯಿತು. ಸಿಪಾಯಿಗಳ ಕೈಗೆ ಹೊಂದುವಷ್ಟು ಪುಟ್ಟ ಪುಸ್ತಕಗಳನ್ನು ಅಚ್ಚಿನ ಹಾಗೆ ಕಾಣುವ ಅಕ್ಷರದಲ್ಲಿ ಬರೆದು ಹೊಲಿದರು. ಆದರೆ ಕಥೆ ಹೆಚ್ಚಾಗಿ ನಾಲ್ವರಲ್ಲಿ ದೊಡ್ಡವರಾದ ಷಾರ್ಲೆಟ್, ಬ್ರಾನ್‌ವೆಲ್ ಇಬ್ಬರ ಕೈಯಲ್ಲೇ ಇತ್ತು. 1831ರಲ್ಲಿ ಷಾರ್ಲೆಟ್ ಬೋರ್ಡಿಂಗ್ ಶಾಲೆಗೆ ಹೋದಾಗ ಚಿಕ್ಕವರಾದ ಎಮಿಲಿ, ಆನ್ ಇಬ್ಬರೂ ಅದರಿಂದ ಹೊರಬಂದು ‘ಗೊಂಡಾಲ್’ ಅನ್ನುವ ತಮ್ಮದೇ ದ್ವೀಪ ಕಟ್ಟಿಕೊಂಡರು. ಎಮಿಲಿ ಕೊನೆಯವರೆಗೂ ಅದನ್ನು ಬಿಡಲಿಲ್ಲ.

ನಿಮ್ಮ ಐದು ಜನರಲ್ಲೂ ಕಡಿಮೆ ಮಾತಾಡುವವರು ಒಬ್ಬರು ಇದ್ದೇ ಇರ್ತಾರೆ, ಅಲ್ವಾ? ಮುಂದಿನ ಸಲ ಕೂತಾಗ ಕಾಲಿಗೆ ಏನು ತಾಗ್ತಿದೆ ಅಂತ ಮೊದಲು ಅವರನ್ನೇ ಕೇಳಿ. ಉತ್ತರ ಬರೋಕೆ ತಡವಾದರೂ ಕಾಯಿರಿ.