ಒಂದೇ ಕೈಗೆ ಸಿಗೋ ಫೋನ್ ಬೇಕಾದರೆ ಇಂಚು ಬಿಡಿ, ಅಗಲ ನೋಡಿ

ನೀವು ಕೇಳಿರೋದು ಇಷ್ಟು: ಕೈ ಚಿಕ್ಕದು, ಈಗಿರೋ 6.7 ಇಂಚಿನ ಫೋನಲ್ಲಿ ಹೆಬ್ಬೆರಳು ಮೇಲಿನ ಮೂಲೆ ಮುಟ್ಟಲ್ಲ, ಸಂಜೆ ಹೊತ್ತಿಗೆ ಮಣಿಕಟ್ಟು ನೋಯುತ್ತೆ, ಮೂವತ್ತು ಸಾವಿರದೊಳಗೆ ಒಂದೇ ಕೈಯಲ್ಲಿ ಬಳಸೋಕಾಗೋ ಫೋನ್ ಯಾವುದು ಅಂತ. ನೇರವಾಗಿ ಹೇಳ್ತೀನಿ: ಆ ದುಡ್ಡಿಗೆ ಹೊಸ ಫೋನುಗಳಲ್ಲಿ ಹುಡುಕಿ ಸಮಯ ಕಳೀಬೇಡಿ. ಸೆಕೆಂಡ್ ಹ್ಯಾಂಡಲ್ಲಿ ಒಳ್ಳೇದು ಸಿಗುತ್ತೆ. ನಾನೂ ಹಾಗೇ ತಗೊಂಡಿದ್ದು.

ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ. ಮನೇಲಿ ರೇಷ್ಮೆ ನೂಲು ತೆಗೆಯೋ ಕೆಲಸ. ಗೂಡು ಕೊಳ್ಳೋಕೆ ಬೆಳಗ್ಗೆ ಮಾರುಕಟ್ಟೆಗೆ ಹೋಗೋನು ನಾನು. ಅಲ್ಲೀಗ ಇ-ಹರಾಜು, ಬಿಡ್ ಹಾಕೋದು ಮೊಬೈಲಲ್ಲೇ. ಜಾಲರಿಯಿಂದ ಒಂದು ಹಿಡಿ ಗೂಡು ಎತ್ತಿ ಒತ್ತಿ ನೋಡಬೇಕು, ಒಂದೆರಡನ್ನ ಕಿವಿ ಹತ್ತಿರ ಅಲ್ಲಾಡಿಸಬೇಕು. ಒಳಗಿನ ಹುಳು ಚೆನ್ನಾಗಿದ್ದರೆ ಟಕಟಕ ಅನ್ನುತ್ತೆ. ಸತ್ತು ಕರಗಿದ್ದರೆ ಗೋಡೆಗೆ ಅಂಟಿಕೊಂಡಿರುತ್ತೆ, ಸದ್ದೇ ಬರಲ್ಲ. ಬಲಗೈಗೆ ಈ ಕೆಲಸ, ಎಡಗೈಲಿ ಫೋನು. ಎರಡೂ ಕೈಲಿ ಫೋನ್ ಹಿಡಿಯೋ ಪುರುಸೊತ್ತು ಅಲ್ಲಿಲ್ಲ.

ಅಂಗಡಿಯವರು "ಈಗೆಲ್ಲಾ ಇದೇ ಸೈಜು ಅಣ್ಣಾ" ಅಂದಿದ್ದಕ್ಕೆ ನಾನೂ ಮೊದಲು ದೊಡ್ಡದನ್ನೇ ತಗೊಂಡಿದ್ದೆ. ಒಂದು ದಿನ ಎಡಗೈ ಹೆಬ್ಬೆರಳನ್ನ ಬಲಮೂಲೆಗೆ ಚಾಚಿದಾಗ ಹಿಡಿತ ಸಡಿಲವಾಗಿ ಸಿಮೆಂಟ್ ನೆಲಕ್ಕೆ ಬಿತ್ತು. ಗಾಜು ಹೋಯ್ತು, ಕಣ್ಣಿಟ್ಟಿದ್ದ ಗೂಡಿನ ಲಾಟೂ ಬೇರೆಯವರ ಪಾಲಾಯ್ತು. ಆವತ್ತಿಂದ ಈ ವಿಷಯ ಬೆನ್ನು ಹತ್ತಿದೆ, ಗೊತ್ತಾಗಿದ್ದನ್ನ ಹೇಳ್ತೀನಿ.

ಅಂಗಡೀಲಿ ಹೇಳೋ ಇಂಚು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದಿದ್ದು. ಅದು ನಿಮ್ಮ ಕೈಗೆ ಏನೂ ಹೇಳಲ್ಲ. 2011ರಲ್ಲಿ ಬಂದ ಮೊದಲ ಗ್ಯಾಲಕ್ಸಿ ನೋಟ್ ಬರೀ 5.3 ಇಂಚು, ಆದರೆ ಅದರ ಅಗಲ 83 ಮಿ.ಮೀ. 2023ರ ಗ್ಯಾಲಕ್ಸಿ ಎಸ್23 ಪರದೆ 6.1 ಇಂಚು, ಅಗಲ 71 ಮಿ.ಮೀ.ಗೂ ಚೂರು ಕಮ್ಮಿ. ಇಂಚು ಹೆಚ್ಚಾದರೂ ಫೋನು ಸಣ್ಣಗಾಗಿದೆ, ಯಾಕಂದ್ರೆ ಪರದೆ ಉದ್ದುದ್ದ ಆಯ್ತು, ಸುತ್ತಲಿನ ಪಟ್ಟಿ ಹೋಯ್ತು. ಅಂಗೈ ತುಂಬೋದು ಅಗಲ. ಹಾಗಾಗಿ ಅಗಲ, ಆಮೇಲೆ ತೂಕ, ಆಮೇಲೆ ಉದ್ದ, ಈ ಕ್ರಮದಲ್ಲಿ ನೋಡಿ. ಕಂಪನಿ ವೆಬ್‌ಸೈಟಲ್ಲಿ ಮೂರೂ ಬರೆದಿರ್ತಾರೆ.

ಮಿ.ಮೀ. ಅಂದರೆ ಕಣ್ಣಿಗೆ ಕಟ್ಟಲ್ಲ ಅನ್ನೋದಾದರೆ ಜೇಬಲ್ಲೇ ಅಳತೆಗೋಲಿದೆ. ಹೊಸ 500ರ ನೋಟು 150 ಮಿ.ಮೀ. ಉದ್ದ, 66 ಮಿ.ಮೀ. ಅಗಲ. 200ರದ್ದು 146, 100ರದ್ದು 142, 50ರದ್ದು 135 ಉದ್ದ. ಅಗಲ ಎಲ್ಲಕ್ಕೂ ಅದೇ 66. ಈ ಲೆಕ್ಕದಲ್ಲಿ ಐಫೋನ್ 13 ಮಿನಿ (131.5 × 64.2) 50ರ ನೋಟಿಗಿಂತ ಎರಡು ಕಡೆಯೂ ಚಿಕ್ಕದು. ಗ್ಯಾಲಕ್ಸಿ ಎಸ್25 (146.9 × 70.5) ಅಂದರೆ 200ರ ನೋಟು, ಅಗಲದಲ್ಲಿ ನಾಲ್ಕೂವರೆ ಮಿ.ಮೀ. ಜಾಸ್ತಿ. ಒನ್‌ಪ್ಲಸ್ 13ಎಸ್ (150.8 × 71.7) ಹೆಚ್ಚುಕಮ್ಮಿ 500ರ ನೋಟಿನುದ್ದ. ಎಸ್25 ಅಲ್ಟ್ರಾ 500ರ ನೋಟಿಗಿಂತ ಅಗಲದಲ್ಲೇ ಹನ್ನೊಂದೂವರೆ ಮಿ.ಮೀ. ಆಚೆ ಹೋಗುತ್ತೆ.

ನಾನು ಸೀರೆ ಡಬ್ಬದ ರಟ್ಟು ತಗೊಂಡು ನೋಟಿಟ್ಟು ಗೆರೆ ಎಳೆದು, ಬೇಕಾದಷ್ಟು ಮಿ.ಮೀ. ಸೇರಿಸಿ ಮೂರು ಅಳತೆ ಕತ್ತರಿಸಿದೆ. ಒಂದೊಂದಕ್ಕೂ ಮೂರ್ನಾಲ್ಕು ಪದರ ಅಂಟಿಸಿ ಫೋನಿನಷ್ಟು ದಪ್ಪ ಮಾಡಿಕೊಂಡೆ. ಎಡಗೈಲಿ ಹಿಡಿದು, ಹಿಡಿತ ಬದಲಿಸದೆ ಹೆಬ್ಬೆರಳು ಎದುರಿನ ಮೇಲ್ಮೂಲೆ ಮುಟ್ಟುತ್ತಾ ನೋಡಿದೆ. 71 ಅಗಲದ್ದರಲ್ಲಿ ಮೂಲೆಗೆ ಒಂದು ಬೆರಳಷ್ಟು ಕಮ್ಮಿ ಬಿತ್ತು, 76ರಲ್ಲಿ ಪರದೆಯ ನಡು ದಾಟಲಿಲ್ಲ. ನೀವೂ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ. ಕವರ್ ಹಾಕೋರಾದರೆ ಅಗಲಕ್ಕೆ ಇನ್ನೂ ಮೂರು ಮಿ.ಮೀ. ಸೇರಿಸಿ ಕತ್ತರಿಸಿ. ಅಂಗಡೀಲಿ ಕವರಿಲ್ಲದ ಫೋನ್ ಹಿಡಿದು ಖುಷಿಯಾಗಿ ಮನೆಗೆ ಬಂದಮೇಲೆ ಬೇಜಾರಾಗೋದು ಇಲ್ಲೇ.

ತೂಕದ ವಿಷಯ ಯಾರೂ ಹೇಳಲ್ಲ, ನಿಮ್ಮ ಮಣಿಕಟ್ಟಿನ ನೋವಿಗೆ ಅದೂ ಕಾರಣ ಅನ್ನಿಸುತ್ತೆ. ದೊಡ್ಡ ಫೋನ್ ಕೆಳಗಿಂದ ತಡೆದು ನಿಲ್ಲಿಸೋದು ಕಿರುಬೆರಳು. ಎಸ್25 ಅಲ್ಟ್ರಾ 218 ಗ್ರಾಂ, ಎಸ್23 168, ಎಸ್25 162, 13 ಮಿನಿ 141. ಐವತ್ತು ಗ್ರಾಂ ವ್ಯತ್ಯಾಸ ಕಾಗದದ ಮೇಲೆ ಏನೂ ಅಲ್ಲ, ದಿನಕ್ಕೆ ಮೂರು ಗಂಟೆ ಕಿರುಬೆರಳ ಮೇಲೆ ಕೂತರೆ ಗೊತ್ತಾಗುತ್ತೆ.

ಇನ್ನು ಯಾವುದು ತಗೋಬೇಕು ಅನ್ನೋದು. ನಿಜವಾಗಿಯೂ ಚಿಕ್ಕದು ಅಂದರೆ 13 ಮಿನಿಯೇ. 2021ರಲ್ಲಿ ಬಂತು, 2023ರ ಸೆಪ್ಟೆಂಬರಲ್ಲಿ ಆ್ಯಪಲ್ ನಿಲ್ಲಿಸಿತು. ಅದರ ಜಾಗಕ್ಕೆ ಆಮೇಲೆ ಇನ್ನೊಂದನ್ನ ತರಲೇ ಇಲ್ಲ, ನನಗೆ ಅದು ಈಗಲೂ ಬೇಜಾರೇ. ಐಫೋನ್ ಅಭ್ಯಾಸ ಇದ್ದು, ಮಧ್ಯಾಹ್ನ ಒಂದು ಸಲ ಚಾರ್ಜಿಗೆ ಹಾಕೋಕೆ ತಕರಾರಿಲ್ಲ ಅಂದರೆ ಹುಡುಕಿ ತಗೊಳ್ಳಿ, ಆದರೆ ಬ್ಯಾಟರಿ ಹೆಲ್ತ್ (ಹೊಸದರಲ್ಲಿದ್ದ ಶಕ್ತಿಯಲ್ಲಿ ಈಗೆಷ್ಟು ಉಳಿದಿದೆ ಅನ್ನೋದು) ನೋಡದೆ ದುಡ್ಡು ಕೊಡಬೇಡಿ. ಆಂಡ್ರಾಯ್ಡ್ ಬೇಕಂದರೆ ಎಸ್23. ಬರುವಾಗ 74,999 ಇತ್ತು, ಬಳಸಿದ್ದು ನನಗೆ ನಿಮ್ಮ ಬಜೆಟ್ಟಿನೊಳಗೇ ಬಿಲ್ಲು, ಬಾಕ್ಸ್ ಸಮೇತ ಸಿಕ್ಕಿತು. ಬಿಡುಗಡೆಯಿಂದ ಐದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತೀವಿ ಅಂತ ಕಂಪನಿ ಹೇಳಿರೋದರಿಂದ 2028ರವರೆಗೆ ಚಿಂತೆಯಿಲ್ಲ. ಬ್ಯಾಂಕು, ಯುಪಿಐ ಎಲ್ಲಾ ಫೋನಲ್ಲೇ ಇರೋವಾಗ ಇದನ್ನ ಬಿಡೋ ಹಾಗಿಲ್ಲ. ಗೂಗಲ್‌ನ ಪಿಕ್ಸೆಲ್ 4ಎ ಹಗುರ, ಮುದ್ದಾಗಿದೆ, ಅಗ್ಗಕ್ಕೂ ಸಿಗುತ್ತೆ, ಆದರೆ ಅಪ್‌ಡೇಟ್ 2023ಕ್ಕೇ ನಿಂತಿದೆ. ಬೇಡ.

ಬಜೆಟ್ ಹಿಗ್ಗಿಸೋಕಾದರೆ 2025ರಲ್ಲಿ ಬಂದ ಒನ್‌ಪ್ಲಸ್ 13ಎಸ್, ವಿವೋ ಎಕ್ಸ್200 ಎಫ್ಇ ನೋಡಬಹುದು. ಎರಡೂ ಬಂದಾಗ 54,999 ಇದ್ದವು. ಅಷ್ಟೇ ಜಾಗದಲ್ಲಿ ಹೆಚ್ಚು ಚಾರ್ಜ್ ಹಿಡಿಯೋ ಸಿಲಿಕಾನ್-ಕಾರ್ಬನ್ ಬ್ಯಾಟರಿ ಬಂದಿದ್ದರಿಂದ ಈ ಗಾತ್ರದಲ್ಲೇ 5,850 ಮತ್ತು 6,500 ಎಂಎಎಚ್ ಹಿಡಿಸಿದ್ದಾರೆ. ನನ್ನ ಎಸ್23ಯದು 3,900, ಸಂಜೆ ಐದಕ್ಕೆ ಚಾರ್ಜರ್ ಹುಡುಕ್ತೀನಿ. ಚಿಕ್ಕ ಫೋನ್ ಅಂದರೆ ಚಾರ್ಜ್ ನಿಲ್ಲಲ್ಲ ಅನ್ನೋ ಮಾತು ಇವೆರಡಕ್ಕೆ ಹೊಂದಲ್ಲ. ಆದರೆ ತೂಕ 185 ಗ್ರಾಂ ಸುತ್ತಮುತ್ತ, ಅದು ನೆನಪಿರಲಿ.

ಹೊಸ ಫೋನ್ ಬರೋವರೆಗೆ ಈಗಿರೋದರಲ್ಲೇ ಎರಡು ಕೆಲಸ ಮಾಡಿ. ಸೆಟ್ಟಿಂಗ್ಸ್‌ನ ಮೇಲಿರೋ ಹುಡುಕೋ ಜಾಗದಲ್ಲಿ "ಒನ್ ಹ್ಯಾಂಡೆಡ್" ಅಂತ ಟೈಪ್ ಮಾಡಿ ಆ ಮೋಡ್ ಆನ್ ಮಾಡಿ. ಆಮೇಲೆ ಪರದೆಯ ತಳದಲ್ಲಿ ಬೆರಳನ್ನ ಕೆಳಕ್ಕೆ ಎಳೆದರೆ ಮೇಲಿರೋದೆಲ್ಲಾ ಹೆಬ್ಬೆರಳಿಗೆ ಇಳಿದು ಬರುತ್ತೆ. ಇನ್ನೊಂದು ಕೀಬೋರ್ಡ್. ಕನ್ನಡದ ಅಕ್ಷರಮಣೆಯಲ್ಲಿ ಕೀಲಿ ಜಾಸ್ತಿ, ಕಡಿಮೆ ಅಗಲದ ಫೋನಲ್ಲಿ ಒತ್ತಕ್ಷರ ಹಾಕುವಾಗ ಪಕ್ಕದ್ದು ಬೀಳುತ್ತೆ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡ ಬರೋ ಬಗೆ ಇದೆ, ಅದಕ್ಕೆ ಬದಲಾಯಿಸಿಕೊಳ್ಳಿ. ನಾನು ಈ ಉತ್ತರಾನ ಹಾಗೇ, ಎಡಗೈ ಹೆಬ್ಬೆರಳಲ್ಲೇ ಬರೀತಿರೋದು.

ಹಳೇದು ಕೊಳ್ಳೋವಾಗ ಮಾತ್ರ ಒಂದು ಕೆಲಸ ತಪ್ಪಿಸಬೇಡಿ. ಮಾರೋರ ಎದುರಿಗೇ ಆ ಫೋನಲ್ಲಿ *#06# ಒತ್ತಿ, ಬರೋ ಹದಿನೈದು ಅಂಕಿಯ ಐಎಂಇಐ (ಆ ಫೋನಿನ ಗುರುತಿನ) ನಂಬರು ಬಿಲ್ಲಿನ ಮೇಲಿರೋದರ ಜೊತೆ ತಾಳೆಯಾಗುತ್ತಾ ನೋಡಿ. ಆಮೇಲೆ ನಿಮ್ಮ ಫೋನಿಂದ ಇಂಗ್ಲಿಷಲ್ಲಿ ಕೆವೈಎಂ (KYM) ಅಂತ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್ಎಂಎಸ್ ಕಳಿಸಿ. ಕಳುವಾದ ಫೋನ್ ಅಂತ ಬ್ಲಾಕ್ ಆಗಿದ್ದರೆ ಸರ್ಕಾರದ ದಾಖಲೆಯಿಂದ ಉತ್ತರ ಬರುತ್ತೆ. ಉತ್ತರ ಬರೋವರೆಗೆ ದುಡ್ಡು ಜೇಬಲ್ಲೇ ಇರಲಿ.