ಇಕ್ಕಟ್ಟಿನ ನಿವೇಶನ, ತುಂಬಿದ ಮಣ್ಣು: ಮೈಕ್ರೋಪೈಲ್ ಆದೀತೇ?

ಪ್ರಶ್ನೆ: ಬೆಂಗಳೂರಿನ ನಮ್ಮ 30×40 ಅಡಿ ನಿವೇಶನವು ಹಿಂದೆ ಇಟ್ಟಿಗೆ ಗೂಡಿಗೆ ಮಣ್ಣು ತೆಗೆದ ಗುಂಡಿಯಾಗಿತ್ತು. ಸುಮಾರು 4 ಮೀಟರ್ ಆಳದವರೆಗೆ ಬರೀ ತುಂಬಿದ ಮಣ್ಣು. ಪಕ್ಕದ ಮನೆಯ ಹಳೆಯ ಗೋಡೆ ಎಲ್ಲೆಗೆ ತಾಗಿಕೊಂಡಿದೆ. ಓಣಿಯೊಳಗೆ ದೊಡ್ಡ ಪೈಲಿಂಗ್ ಯಂತ್ರ ಬರುವುದಿಲ್ಲ. ಎರಡು ಅಂತಸ್ತಿನ ಮನೆಗೆ ಮೈಕ್ರೋಪೈಲ್ (ನೆಲ ಕೊರೆದು, ಉಕ್ಕು ಇಳಿಸಿ, ಸಿಮೆಂಟ್ ಗ್ರೌಟ್ ತುಂಬಿ ಮಾಡುವ ಸಣ್ಣ ವ್ಯಾಸದ ಅಡಿಪಾಯದ ಕಂಬ) ಸಾಕೇ? ಅಷ್ಟು ಸಣ್ಣ ಕಂಬ ಭಾರ ತಡೆಯುತ್ತದೆಯೇ?

ಉತ್ತರ: ತಡೆಯುತ್ತದೆ, ಆದರೆ ನೀವು ಊಹಿಸಿರುವಂತೆ ಬುಡ ಊರಿ ನಿಂತಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಖಂಗೊಂಡ ಹಳೆಯ ಕಟ್ಟಡಗಳ ಅಡಿಪಾಯವನ್ನು ಅಲುಗಿಸದೆ ಬಲಪಡಿಸಬೇಕಾಗಿ ಬಂದಾಗ, ಇಟಲಿಯ ಎಂಜಿನಿಯರ್ ಫರ್ನಾಂಡೊ ಲಿಜ್ಜಿ 1950ರ ದಶಕದ ಆರಂಭದಲ್ಲಿ ರೂಪಿಸಿದ ಈ ವಿಧಾನಕ್ಕೆ ಅವರು ಇಟ್ಟ ಹೆಸರೇ ‘ಬೇರು ಕಂಬ’. 200 ಮಿ.ಮೀ. ವ್ಯಾಸದ ಕಂಬವೊಂದು ಗಟ್ಟಿ ಪದರದೊಳಗೆ 4 ಮೀಟರ್ ಇಳಿದಿದೆ ಎನ್ನೋಣ. ಅದರ ತಳದ ವಿಸ್ತೀರ್ಣ 0.03 ಚದರ ಮೀಟರ್ ಮಾತ್ರ. ಸುತ್ತಲಿನ ಮೈ 2.5 ಚದರ ಮೀಟರ್, ಅಂದರೆ ತಳದ ಸುಮಾರು 80 ಪಟ್ಟು. ಭಾರ ಇಳಿಯುವುದು ಈ ಮೈಯ ಹಿಡಿತದಿಂದ.

ಹಾಗಾಗಿ ನಿಮ್ಮ 4 ಮೀಟರ್ ತುಂಬು ಮಣ್ಣನ್ನು ಲೆಕ್ಕಕ್ಕೇ ಹಿಡಿಯಬಾರದು. ಆ ಮಣ್ಣು ಮುಂದೆ ಕುಸಿದರೆ ಕಂಬವನ್ನು ಹೊರುವ ಬದಲು ಅದನ್ನೇ ಕೆಳಕ್ಕೆ ಜಗ್ಗುತ್ತದೆ, ಮತ್ತು ಆ ಹೆಚ್ಚುವರಿ ಹೊರೆಯನ್ನೂ ವಿನ್ಯಾಸದಲ್ಲಿ ಸೇರಿಸಬೇಕಾಗುತ್ತದೆ. ಅಷ್ಟು ಆಳಕ್ಕೆ ಉಕ್ಕಿನ ಕೇಸಿಂಗನ್ನು (ರಂಧ್ರದ ಬದಿ ಕುಸಿಯದಂತೆ ಇಳಿಸುವ ಕೊಳವೆ) ಹೊರತೆಗೆಯದೆ ಒಳಗೇ ಉಳಿಸಲು ಹೇಳಿ. ಅಡ್ಡ ಬಲಕ್ಕೆ ಸಣ್ಣ ಕಂಬ ದುರ್ಬಲವಾದ್ದರಿಂದ ಪೈಲ್ ಕ್ಯಾಪ್‌ಗಳನ್ನು (ಕಂಬಗಳ ತಲೆಯ ಮೇಲೆ ಹಾಕುವ ಕಾಂಕ್ರೀಟ್ ದಿಮ್ಮಿ) ತೊಲೆಗಳಿಂದ ಪರಸ್ಪರ ಬಿಗಿಯಿರಿ. ಬೆಂಗಳೂರಿನ ನೆಲದಲ್ಲಿ ಇನ್ನೊಂದು ಮೋಸವಿದೆ: ಶಿಥಿಲ ಶಿಲೆಯ ನಡುವೆ ಗುಂಡುಕಲ್ಲು ಸಿಕ್ಕಿದಾಗ, ‘ಬಂಡೆ ಬಂತು’ ಎಂದು ಕೊರೆಯುವುದನ್ನು ನಿಲ್ಲಿಸಿಬಿಡುತ್ತಾರೆ. ಮಣ್ಣಿನ ಪರೀಕ್ಷಾ ವರದಿಯಿಲ್ಲದೆ ಯಾರಾದರೂ ಆಳ ಹೇಳಿದರೆ ಅದನ್ನು ನಂಬಬೇಡಿ.

ಗ್ರೌಟ್ (ರಂಧ್ರಕ್ಕೆ ತುಂಬುವ ಸಿಮೆಂಟ್-ನೀರಿನ ಮಿಶ್ರಣ) ಹಾಕುವ ದಿನ ನೀವೇ ನಿಂತು ನೋಡಿ. ನೀರು-ಸಿಮೆಂಟ್ ಅನುಪಾತ 0.45 ಎಂದಿದ್ದರೆ 50 ಕೆ.ಜಿ. ಚೀಲಕ್ಕೆ 22.5 ಲೀಟರ್ ನೀರು. ಪಂಪು ಸಲೀಸಾಗಿ ಓಡಲೆಂದು ಮೇಲೊಂದು ಬಕೆಟ್ ಸುರಿದರೆ ಹಿಡಿತವೇ ಹೋಯಿತು. ಗ್ರೌಟ್ ಇಳಿಸುವ ಕೊಳವೆ ರಂಧ್ರದ ತಳ ಮುಟ್ಟಿರಬೇಕು, ಕೆಸರು ನೀರು ಮುಗಿದು ಶುದ್ಧ ಗ್ರೌಟ್ ಬಾಯಿಗೆ ಉಕ್ಕುವವರೆಗೂ ಪಂಪು ನಿಲ್ಲಬಾರದು.

ಮೀಟರಿಗೆ ತಗಲುವ ವೆಚ್ಚ ಸಾಮಾನ್ಯ ಪೈಲ್‌ಗಿಂತ ಹೆಚ್ಚೇ. ಯಂತ್ರ ಬರುವಂತಿದ್ದರೆ ನಾನು ಇದನ್ನು ಸೂಚಿಸುತ್ತಿರಲಿಲ್ಲ. ಒಂದು ಕಂಬದ ಮೇಲಾದರೂ ಭಾರ ಪರೀಕ್ಷೆ ಮಾಡಿಸುವ ಖರ್ಚನ್ನೂ ಸೇರಿಸಿಕೊಳ್ಳಿ.

ಇನ್ನು ಆ ಗೋಡೆ. ಸಣ್ಣ ಯಂತ್ರಕ್ಕೂ ಗೋಡೆಯಿಂದ ತುಸು ಅಂತರ ಬೇಕು. ಎಲ್ಲೆಯಂಚಿನ ಪಿಲ್ಲರ್ ಮೈಕ್ರೋಪೈಲ್‌ನ ನೇರಕ್ಕೆ ಬಾರದಿದ್ದರೆ, ಅದನ್ನು ಒಳಗಿನ ಪಿಲ್ಲರ್‌ಗೆ ತೊಲೆಯಿಂದ ಜೋಡಿಸಬೇಕಾಗುತ್ತದೆ. ಸಡಿಲ ಮಣ್ಣಿನಲ್ಲಿ ಕೊರೆಯುವಾಗ ಬಿಡುವ ಕಂಪ್ರೆಸರ್ ಗಾಳಿಯ ಒತ್ತಡ ಪಕ್ಕದ ಪಾಯದಡಿಯ ಮಣ್ಣನ್ನೇ ಕದಲಿಸಬಹುದಾದ್ದರಿಂದ ಕೇಸಿಂಗ್ ಇಳಿಸುತ್ತಲೇ ಕೊರೆಯಲು ಹೇಳಿ. ಕೆಲಸ ಶುರುವಾಗುವ ಮೊದಲೇ ನೆರೆಯವರ ಎದುರಿನಲ್ಲಿ ಗೋಡೆಯ ಈಗಿನ ಬಿರುಕುಗಳಿಗೆ ಅಡ್ಡಲಾಗಿ ಜಿಪ್ಸಂ ಪಟ್ಟಿ ಮೆತ್ತಿಸಿ, ಅದರ ಮೇಲೆ ದಿನಾಂಕ ಬರೆದು ಫೋಟೊ ತೆಗೆದಿಡಿ; ಬಿರುಕು ಹಿಗ್ಗಿದರೆ ಪಟ್ಟಿ ಒಡೆದು ತಿಳಿಸುತ್ತದೆ.